ಗುಣವಾದವಳು

ಗುಣವಾದ ಹೆಂಗಸು ಯಾವ ಬಟ್ಟೆ ಹಾಕಿಕೊಳ್ಳುತ್ತಾಳೆ ಎಂಬ ಪ್ರಶ್ನೆ ಇಷ್ಟು ಕಷ್ಟದ್ದಾಗಬಹುದೆಂದು ಹಂಸಾ ಎಣಿಸಿರಲಿಲ್ಲ. ಒಂದು ಕೈಯಲ್ಲಿ ನೀಲಿ ಕುರ್ತಾ, ಇನ್ನೊಂದರಲ್ಲಿ ಬೂದು ಬಣ್ಣದ ಪ್ಯಾಂಟು ಹಿಡಿದು ಬೀರುವಿನ ಮುಂದೆ ನಿಂತಿದ್ದಳು. ಪ್ಯಾಂಟಿನ ಹೊಲಿಗೆ ಕೂತಾಗ ಒತ್ತುತ್ತದೆ. ಒತ್ತಿದ ಜಾಗದಿಂದ ಎದ್ದ ಉರಿ ತೊಡೆಯ ಒಳಬದಿಗೆ ಇಳಿದು, ಯಾರೋ ಒಲೆ ಆರಿಸಲು ಮರೆತು ಹೋದಂತೆ ಸಂಜೆಯವರೆಗೂ ಉರಿಯುತ್ತಲೇ ಇರುತ್ತದೆ. ಕುರ್ತಾ ಸಡಿಲ. ಆದರೆ ಸಡಿಲ ಬಟ್ಟೆ ನೋವಿರುವವರ ಬಟ್ಟೆ, ಮೊದಲ ದಿನ ಆಸ್ಪತ್ರೆಗೆ ಹೋದಾಗ ಹಾಕಿಕೊಂಡದ್ದೂ ಅದನ್ನೇ. ಇವತ್ತು ಅದೇ ಕುರ್ತಾದಲ್ಲಿ ಹೋದರೆ ಅಲ್ಲಿನ ಡಾಕ್ಟರು ಮೊರಿಶಿತಾ ಸೆನ್ಸೇಗೆ ಅನುಮಾನ ಬರುತ್ತದೆಯೋ ಏನೋ. ಬರಲಿ ಅಂತ ನನ್ನ ಆಸೆಯೇ, ಎಂದು ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಕಾಯದೆ ಪ್ಯಾಂಟಿಗೆ ಕಾಲು ತೂರಿಸಿದಳು. ಪಕ್ಕದ ಕೋಣೆಯಲ್ಲಿ ಗಂಡ ಮಧುಕರ್ ಶರ್ಟಿಗೆ ಇಸ್ತ್ರಿ ಹಾಕುತ್ತ ಸಿಳ್ಳೆ ಹೊಡೆಯುತ್ತಿದ್ದ. ಅರ್ಧ ದಿನ ರಜೆ ಹಾಕಿದ್ದ. ಗುಂಪಿನ ಕೊನೆಯ ಸಭೆಗೆ ಮನೆಯವರನ್ನೂ ಕರೆತನ್ನಿ ಎಂದು ಆಸ್ಪತ್ರೆಯವರು ಹೇಳಿದಾಗ ಅವನ ಮುಖ ಮಗಳು ಅಮೂಲ್ಯಳ ಶಾಲೆಯಲ್ಲಿ ಬಹುಮಾನ ಹಂಚುವ ದಿನ ಆಗುವ ಹಾಗೆ ಆಗಿತ್ತು.

ಕಿಬ್ಬೊಟ್ಟೆಯ ನೋವು ವರ್ಷಗಟ್ಟಲೆ ಬಿಡದ, ಸ್ಕ್ಯಾನಿನಲ್ಲಿ ಏನೂ ಸಿಗದ, ಹೊಟ್ಟೆಯಲ್ಲಿ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿದರೂ 'ಅಂಥದ್ದೇನೂ ಇಲ್ಲ' ಎನ್ನಿಸಿಕೊಂಡ ಹೆಂಗಸರ ಗುಂಪು ಅದು. ನೋವಿನ ಜೊತೆ ಮನಸ್ಸು ಹೇಗೆ ಕಾದಾಡುತ್ತದೆ, ಕಾದಾಟದಲ್ಲಿ ಸ್ನಾಯುಗಳು ಹೇಗೆ ಬಿಗಿದುಕೊಳ್ಳುತ್ತವೆ, ಆ ಬಿಗಿತವನ್ನು ಉಸಿರಿನಿಂದ ಹೇಗೆ ಬಿಡಿಸುವುದು, ದಿನದ ಕೆಲಸವನ್ನು ನೋವು ಏಳುವ ಮುಂಚೆಯೇ ಹೇಗೆ ನಿಲ್ಲಿಸುವುದು, ಇವನ್ನೆಲ್ಲ ಮೊರಿಶಿತಾ ಕಲಿಸುತ್ತಿದ್ದರು. ಇವತ್ತು ಹಳಬರ ಕೊನೆಯ ದಿನ, ಹೊಸಬರ ಮೊದಲ ದಿನ. ಹೊಸಬರೆದುರು ಹಂಸಾ ಮಾತಾಡಬೇಕು. ಏಕೆಂದರೆ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಗುಣವಾದವಳು ಅವಳು. ಮತ್ತು ಅದು ಸುಳ್ಳು. ಅವಳ ನೋವು ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಇವತ್ತು ಆ ಸುಳ್ಳನ್ನು ಇನ್ನೊಂದು ಸಲ, ಗಂಡನೆದುರು, ಚೆನ್ನಾಗಿ ಹೇಳಿಬಿಟ್ಟರೆ ಎಲ್ಲರೂ ಚಪ್ಪಾಳೆ ತಟ್ಟಿ ಅವಳನ್ನು ಕಳಿಸಿಕೊಡುತ್ತಾರೆ. ಆಮೇಲೆ ನೋವಾಗುತ್ತಿದೆ ಎಂದು ಹೇಳಲು ಭೂಮಿಯ ಮೇಲೆ ಒಂದು ಬಾಗಿಲೂ ಉಳಿದಿರುವುದಿಲ್ಲ.

ಕರೆಗಂಟೆ ಸದ್ದಾಯಿತು. ಎರಡು ಬೀದಿ ಆಚೆ ಇರುವ ಕಾಮಾಕ್ಷಿ, ಜಪಾನಿನ ಈ ಗ್ಯೋಟೋಕುವಿನ ಕನ್ನಡದವರಿಗೆಲ್ಲ ಅಕ್ಕ, ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು.

"ಏನೇ, ಇನ್ನೂ ರೆಡಿ ಆಗಿಲ್ವಾ? ಮದುಮಗಳ ಥರ ಆಡ್ತಿದೀಯ."

"ಬನ್ನಿ ಅಕ್ಕ, ಒಳಗೆ ಬನ್ನಿ."

"ಬರಲ್ಲಮ್ಮ, ಮತ್ತೆ ಶೂ ಬಿಚ್ಚೋದು ಯಾರು. ತಗೋ, ನಿಮ್ಮ ಡಾಕ್ಟರಮ್ಮಂಗೆ ಮೈಸೂರ್ ಪಾಕ್. ಮಧುಕರ್ ಫೋನ್ ಮಾಡಿ ಹೇಳಿದ್ದ. ತುಪ್ಪ ಒಂಚೂರು ಜಾಸ್ತೀನೇ ಬಿದ್ದಿದೆ, ಆಯಮ್ಮ ತಿಂದು ಮೂರ್ಛೆ ಹೋಗದಿದ್ರೆ ಸಾಕು."

"ನನಗೆ ಎತ್ತಿಟ್ಟಿದೀರ ತಾನೆ ಅಕ್ಕ?" ಒಳಗಿನಿಂದ ಮಧುಕರ್.

"ನಿಂಗ್ಯಾಕೋ? ನಿಂಗೇನ್ ನೋವು?" ಎಂದು ಕೂಗಿ, ತಾವೇ ನಕ್ಕು, ಕಾಮಾಕ್ಷಿ ದನಿ ಇಳಿಸಿದರು. "ಅಲ್ವೇ, ಎಲ್ಲ ಸರಿಹೋಯ್ತಲ್ಲ ಈಗ. ಅಮೂಲ್ಯಂಗೂ ಒಂದು ಜೊತೆ ಬೇಡ್ವಾ?"

"ಹೋಗಿ ಅಕ್ಕ."

"ನಾಚ್ಕೊಳ್ಳೋದು ನೋಡು!"

ಹೊಟ್ಟೆಯೊಳಗೆ ಬಟ್ಟೆ ಹಿಂಡಿದಂತಾಗಿ ಅವಳು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಕಾಮಾಕ್ಷಿಗೆ ಅದು ನಾಚಿಕೆಯಾಗಿ ಕಂಡಿತು. ಹಾಗಾದರೆ ತಾನು ಗುಣವಾದ ಸುದ್ದಿ ಇವರಿಗೂ ಗೊತ್ತು. ಅತ್ತೆಗೂ ಗೊತ್ತು. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಅತ್ತೆ, ಅಂತೂ ದೇವರು ಕಣ್ಣು ಬಿಟ್ಟ ಎಂದಿದ್ದರು, ಮತ್ತು ಹಂಸಾ, ಮಧು ಎಂದು ಕರೆಯುವ ಗಂಡನನ್ನು ಅತ್ತೆಯೆದುರು ಮಾತ್ರ 'ಇವರು' ಎನ್ನುವ ಅದೇ ಹದವಾದ ದನಿಯಲ್ಲಿ, ಹೌದತ್ತೆ, ಇವರಿಗೂ ಸಮಾಧಾನ ಎಂದಿದ್ದಳು. ಒಂದು ಹೆಂಗಸಿನ ಕಿಬ್ಬೊಟ್ಟೆ ಎಷ್ಟು ಜನರ ಸಮಾಧಾನದ ಸ್ಥಳ! ಜಯನಗರದ ಆ ಡಾಕ್ಟರು ತಲೆಯೆತ್ತದೆ ಬರೆಯುತ್ತ, ಇನ್ನೊಂದು ಮಗು ಮಾಡ್ಕೊಂಬಿಡಿ, ತಾನಾಗಿ ಸರಿಹೋಗುತ್ತೆ ಅಂದಿದ್ದರು. ಅವರ ಹಿಂದಿನ ಗೋಡೆಯಲ್ಲಿ ದುಂಡುಮುಖದ ಕೂಸಿನ ಕ್ಯಾಲೆಂಡರು. ಆವತ್ತೂ ಥ್ಯಾಂಕ್ಯೂ ಡಾಕ್ಟರ್ ಎಂದು ಎದ್ದು ಬಂದಿದ್ದಳು. ಥ್ಯಾಂಕ್ಯೂ ಯಾತಕ್ಕೆ? ಉಗಿಯದೆ ಬಂದದ್ದಕ್ಕೆ ಅವರು ಹೇಳಬೇಕಿತ್ತು ಥ್ಯಾಂಕ್ಯೂ.

ರೈಲಿನಲ್ಲಿ ಜನ ಕಡಿಮೆ. ಮಧುಕರ್ ಪಕ್ಕದ ಸೀಟು ತಟ್ಟಿದ. ಒಬ್ಬಳೇ ಹೋಗುವಾಗ ಅವಳು ಎಷ್ಟೇ ಖಾಲಿಯಿದ್ದರೂ ಬಾಗಿಲ ಬಳಿ ನಿಲ್ಲುತ್ತಿದ್ದಳು. ಯಾರಾದರೂ ನೋಡಿದರೆ ನದಿ ನೋಡುವವಳ ಹಾಗೆ ಮುಖ ಮಾಡುತ್ತಿದ್ದಳು. ಇವತ್ತು ಕೂತಳು. ಹೊಲಿಗೆ ಒತ್ತಿತು. ಉರಿ ಎದ್ದಿತು. "ಎಷ್ಟ್ ಆರಾಮಾಗಿ ಕೂತಿದೀಯ ನೋಡು," ಎಂದ ಮಧುಕರ್, ಅವಳ ಮೊಣಕಾಲ ಮೇಲೆ ಕೈಯಿಟ್ಟು. "ಹೋದ ವರ್ಷ ಇದೇ ಟ್ರೈನಲ್ಲಿ ಅತ್ತಿದ್ದೆ ನೀನು. ನೆನಪಿದ್ಯಾ?" ನೆನಪಿತ್ತು. ಅತ್ತದ್ದು ನೋವಿಗಲ್ಲ. ಮೊರಿಶಿತಾ ಮೊದಲ ದಿನ ಅವಳ ಮಾತನ್ನೆಲ್ಲ ಕೇಳಿಸಿಕೊಂಡು, ಅವಳ ಮುರುಕು ಜಪಾನೀಸಿಗೆ ತಡೆ ಬಂದಲ್ಲೆಲ್ಲ ಕಾದು, ಕೊನೆಗೆ, "ನಿಮ್ಮ ನೋವು ನಿಜವಾದದ್ದು. ಕಾಣದಿದ್ದ ಮಾತ್ರಕ್ಕೆ ಇಲ್ಲ ಎಂದಲ್ಲ" ಎಂದಿದ್ದರು. ಅಷ್ಟು ವರ್ಷಗಳಲ್ಲಿ ಯಾರೂ ಹೇಳದ ಮಾತು. ವಾಪಸ್ ಬರುವ ರೈಲಿನಲ್ಲಿ ಅದಕ್ಕೇ ಅತ್ತಿದ್ದಳು. ಆ ಕ್ಷಣದಿಂದಲೇ ಅವಳ ಮೇಲೆ ಒಂದು ಋಣ ಬಿದ್ದಿತ್ತು. ನಂಬಿದವರ ಮುಖ ಉಳಿಸಬೇಕು. ನಂಬಿದವರಿಗೆ ಗುಣವಾಗಿ ತೋರಿಸಬೇಕು.

ಸೆನ್ಸೇ ಬಳಿ ಒಂದು ಪ್ಲಾಸ್ಟಿಕ್ ಪಟ್ಟಿಯಿತ್ತು, ಮಕ್ಕಳ ಸ್ಕೇಲಿನಂಥದ್ದು, ಅದರ ಮೇಲೆ ಆಚೀಚೆ ಸರಿಯುವ ಕೆಂಪು ಗುಂಡಿ. ಒಂದು ತುದಿಯಲ್ಲಿ ನೋವಿಲ್ಲ, ಇನ್ನೊಂದು ತುದಿಯಲ್ಲಿ ಸಹಿಸಲಾರೆ. ಗುಂಡಿಯನ್ನು ಇವತ್ತಿನ ಜಾಗಕ್ಕೆ ಸರಿಸಿ ಕೊಡಿ ಎಂದು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಕೊಡುವರು. ಎರಡನೆಯ ಸಲ ಹಂಸಾ ಗುಂಡಿಯನ್ನು ಅದರ ನಿಜವಾದ ಜಾಗಕ್ಕೆ ಒಯ್ದಳು. ನೋಡಿದರೆ ಮೊದಲ ಸಲ ಇಟ್ಟಲ್ಲೇ ಇದೆ. ಎದುರಿಗೆ ಸೆನ್ಸೇ, ನಿದ್ದೆಯಿಲ್ಲದ ಕಣ್ಣು, ಅಂಗಿಯ ತೋಳಿನಲ್ಲಿ ಪೆನ್ನಿನ ಕಲೆ, ಇಷ್ಟು ಹೊತ್ತು ತನಗಾಗಿ ಉಸಿರಾಡಿ ತೋರಿಸಿದ ಹೆಂಗಸು. ಅತಿಥಿಯಾಗಿ ಹೋದಲ್ಲಿ ಬಡಿಸಿದ ಸಾರು ಉಪ್ಪಾಗಿದ್ದರೂ ಚೆನ್ನಾಗಿದೆ ಅನ್ನಬೇಕು ಎಂದು ಬೆಳೆಸಿದ ಕೈ ಅದು. ತಾನಾಗಿ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿತು. ಸೆನ್ಸೇ ಪಟ್ಟಿ ತಿರುಗಿಸಿ ನೋಡಿ, ಮುಖವೆಲ್ಲ ಅರಳಿ, "ಯೊಕತ್ತಾ!" ಎಂದರು. ಒಳ್ಳೆಯದಾಯಿತು! ಆಮೇಲೆ ಪ್ರತಿ ಸಲವೂ ಇನ್ನೊಂದಿಷ್ಟು. ಅಡುಗೆಮನೆಯಲ್ಲಿ ಒಬ್ಬಳೇ ಸಿಂಕಿನ ಅಂಚು ಹಿಡಿದು ಬಾಗಿ ನಿಂತಾಗಲೂ, ಮುಂದಿನ ವಾರ ಎಷ್ಟು ಸರಿಸಬೇಕೆಂಬ ಯೋಚನೆ.

ಭಾರತದವಳಾದದ್ದು ಇದಕ್ಕೆ ಒಗ್ಗರಣೆಯಾಯಿತು. ಉಸಿರಿನ ಅಭ್ಯಾಸ ಶುರುವಾದ ದಿನ ಎಲ್ಲರೂ ಅವಳತ್ತ ತಿರುಗಿದರು. ನಿಮಗಿದು ರಕ್ತದಲ್ಲೇ ಇರಬೇಕಲ್ಲ, ಯೋಗದ ನಾಡು! ಯೋಗ ಎಂದರೆ ಅವಳಿಗೆ ನೆನಪಾಗುವುದು ಮೈಸೂರಿನ ಶಾಲೆಯ ಧೂಳು ಮೈದಾನ, ಸೀಟಿ ಊದುತ್ತಿದ್ದ ಪಿ.ಟಿ. ಮೇಷ್ಟ್ರು, ಸೂರ್ಯ ನಮಸ್ಕಾರದ ನಡುವೆ ಹುಡುಗಿಯರ ಪಿಸುಪಿಸು. ಆದರೆ ಇಲ್ಲ ಎನ್ನಲಾಗಲಿಲ್ಲ. ದೇಶದ ಮಾನವೂ ಅವಳ ಕಿಬ್ಬೊಟ್ಟೆಗೇ ಬಂದು ಕೂತಿತು. ಪದ್ಮಾಸನ ಹಾಕಿ ತೋರಿಸಿದಳು. ಸುಗೋಯ್, ಎಂಥ ಅದ್ಭುತ ಎಂದರು. ಅಂದಿನಿಂದ ಪ್ರತಿ ಸಲವೂ ಹಂಸಾ-ಸಾನ್ ನಡುವೆ ಕೂತು ತೋರಿಸುವುದು, ಉಳಿದವರು ಅವಳನ್ನು ನೋಡಿ ಮಾಡುವುದು.

ಇನ್ನೊಂದಿತ್ತು. ಮಧುಕರ್‌ನ ಕೈ ಮೊಣಕಾಲ ಮೇಲೆಯೇ ಇತ್ತು, ರೈಲು ನೆಲದಡಿ ಇಳಿದು ಕಿಟಕಿ ಕಪ್ಪಾಯಿತು, ಮತ್ತು ಆ ಕಪ್ಪಿನಲ್ಲಿ ಅವನ ಮುಖ ತೃಪ್ತಿಯಿಂದ ಇವಳನ್ನೇ ನೋಡುತ್ತಿತ್ತು. ಕಡಿಮೆಯಾಗಿದೆ ಎಂದು ಮೊದಲ ಸಲ ಹೇಳಿದ ವಾರ ಅವನು ತಿಂಗಳುಗಳ ಮೇಲೆ ಹತ್ತಿರ ಬಂದಿದ್ದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ನೋಯ್ತಿದ್ಯಾ, ನಿಲ್ಲಿಸ್ಲಾ, ಎಂದು ಕೇಳುತ್ತಾನೆ, ಪ್ರತಿ ಸಲವೂ ಕೇಳುತ್ತಾನೆ. ಇಲ್ಲ ಎನ್ನುತ್ತಾಳೆ. ಅನ್ನದೆ ಏನು ಮಾಡುವುದು, ಗುಣವಾದವಳು? ಸೆನ್ಸೇ ಕಲಿಸಿದ ಉಸಿರು ಅಲ್ಲಿ ಉಪಯೋಗಕ್ಕೆ ಬಂತು. ನಿಧಾನವಾಗಿ ಹೊರಗೆ ಬಿಡಿ, ನಿಮ್ಮ ದೇಹ ನಿಮ್ಮದು, ಅದಕ್ಕೆ ಜಾಗ ಕೊಡಿ. ತನ್ನ ದೇಹ ತನಗೆ ವಾಪಸ್ ಬರಲೆಂದು ಕಲಿತ ಉಸಿರನ್ನು ಹಿಡಿದು ಅವಳು ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹೊತ್ತನ್ನು ದಾಟುತ್ತಿದ್ದಳು. ಕತ್ತಿಗೆ ಸಾಣೆ ಹಿಡಿಯುವುದನ್ನೂ ಕುರಿಯೇ ಕಲಿತ ಹಾಗೆ.

"ಏನು ಯೋಚನೆ? ಸ್ಪೀಚ್ ಪ್ರಾಕ್ಟೀಸಾ?"

"ಹೂಂ."

"ಟೆನ್ಷನ್ ತಗೋಬೇಡ. ನಿನ್ ಜಪಾನೀಸ್ ಈಗ ಸಕ್ಕತ್ತಾಗಿದೆ. ಸಿಕ್ಕಾಕೊಂಡ್ರೆ ನಾನಿದೀನಲ್ಲ, ಆಫೀಸಲ್ಲಿ ಕ್ಲೈಂಟ್‌ಗೆ ಹೇಳಲ್ವಾ, ಹಂಗೆ ಹೇಳ್ಬಿಡ್ತೀನಿ."

ಆಸ್ಪತ್ರೆಯ ಪಡಸಾಲೆಯಿಂದ ಮಧುಕರ್ ಡಬ್ಬಿ ಹಿಡಿದು ಒಳಗೆ ಹೋದ. ಓಕಾಬೆ-ಸಾನ್ ಪಾನೀಯದ ಯಂತ್ರದ ಪಕ್ಕ ಒಬ್ಬಳೇ ನಿಂತಿದ್ದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಹಂಸಾಳ ವಯಸ್ಸಿನವಳೇ, ಕೂರುವಾಗ ಹಾಕಿಕೊಳ್ಳುವ, ನಡುವೆ ತೂತಿರುವ ದಿಂಬನ್ನು ಬಟ್ಟೆಯ ಚೀಲದಲ್ಲಿಟ್ಟು ಹೋದಲ್ಲೆಲ್ಲ ಒಯ್ಯುವಳು. ಗುಂಪಿನಲ್ಲಿ ಅವಳ ಗುಂಡಿ ಮಾತ್ರ ಶುರುವಿನಿಂದ ಕದಲಿರಲಿಲ್ಲ. ಇವತ್ತು ಚೀಲವಿರಲಿಲ್ಲ.

"ದಿಂಬು ಮರೆತಿರಾ?" ಹಂಸಾ ಕೇಳಿದಳು.

"ಇಲ್ಲ. ಬೇಡವೆಂದು ಬಿಟ್ಟು ಬಂದೆ." ಓಕಾಬೆ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. "ಮುಂದಿನ ಗುಂಪಿಗೂ ಬನ್ನಿ ಎಂದು ಸೆನ್ಸೇ ಹೇಳಿದರು. ಬರುವುದಿಲ್ಲ ಎಂದೆ. ನಿಮ್ಮನ್ನು ನೋಡಿ ಅರ್ಥವಾಯಿತು ಹಂಸಾ-ಸಾನ್. ಅದೇ ಅಭ್ಯಾಸ, ಅದೇ ಸೆನ್ಸೇ. ನಿಮಗೆ ಹೋಯಿತು, ನನಗೆ ಹೋಗಲಿಲ್ಲ. ಗಂಡನೂ ಅದನ್ನೇ ಹೇಳುತ್ತಾನೆ, ಆ ಭಾರತೀಯಳಿಗೆ ಆಗುತ್ತದೆ, ನಿನಗೆ ಯಾಕಾಗುವುದಿಲ್ಲ ಎಂದು. ನನ್ನ ನೋವು ಬಹುಶಃ ನಿಜವಾದದ್ದಲ್ಲ. ನಾನೇ ಹಿಡಿದಿಟ್ಟುಕೊಂಡಿದ್ದೇನೆ ಅನ್ನಿಸುತ್ತದೆ."

ಹಂಸಾ ಬಾಯಿ ತೆರೆದಳು. ಬಂದದ್ದು "ಹಾಗಲ್ಲ" ಎಂಬ ಒಂದು ಮಾತು, ಯಾರ ಬಾಯಿಂದಲೂ ಬರಬಹುದಾದದ್ದು. ಓಕಾಬೆ ತಲೆಬಾಗಿ, ಅಭಿನಂದನೆಗಳು ಎಂದು ಹೇಳಿ ಒಳಗೆ ಹೋದಳು. ನಡೆಯುವಾಗ ಎಡಗಾಲನ್ನು ಸ್ವಲ್ಪ ಅಗಲಿಸಿ ಇಡುತ್ತಿದ್ದಳು, ಹಾಗೆ ನಡೆಯುವವರಿಗೆ ಮಾತ್ರ ಗೊತ್ತಾಗುವಷ್ಟು. ಹಂಸಾಳ ಕಿವಿ ಬಿಸಿಯಾಯಿತು. ಜಯನಗರದ ಡಾಕ್ಟರು, ಅತ್ತೆ, ಕ್ಯಾಮೆರಾ ಇಳಿಸಿ ಏನೂ ಇಲ್ಲ ಎಂದವರು, ಎಲ್ಲರೂ ಸೇರಿ ತನಗೆ ಮಾಡಿದ್ದನ್ನು ತಾನು ಒಬ್ಬಳೇ, ಬೆರಳಿನಿಂದ ಒಂದು ಗುಂಡಿ ಸರಿಸಿ, ಇವಳಿಗೆ ಮಾಡಿ ಮುಗಿಸಿದ್ದಳು. ಅದೂ ಯಾರ ಮನಸ್ಸನ್ನೂ ನೋಯಿಸಬಾರದೆಂದು.

ಒಳಗೆ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಹೊಸಬರು ಮೂವರು, ಕೈಚೀಲಗಳನ್ನು ತೊಡೆಯ ಮೇಲೆ ಕಾವಲಿಗಿಟ್ಟುಕೊಂಡ ಹಾಗೆ ಕೂತಿದ್ದರು. ಹಳಬರಲ್ಲಿ ಯಾವಾಗಲೂ ಮಾಸ್ಕ್ ಹಾಕಿರುವ ಕಾಲೇಜು ಹುಡುಗಿ ತಾಯಿಯ ಪಕ್ಕ ಇದ್ದಳು. ಅವಳಿಗೆ ನಿಜಕ್ಕೂ ಹಗುರವಾಗಿತ್ತು, ಈಗ ರಾತ್ರಿ ನಿದ್ದೆ ಬರುತ್ತದೆಂದು ಹೇಳಿದ್ದಳು, ಮತ್ತು ಹಂಸಾಳಿಗೆ ಆ ಹುಡುಗಿಯನ್ನು ಕಂಡಾಗಲೆಲ್ಲ ಕದ್ದ ಮಾಲು ಹಿಡಿದು, ದುಡ್ಡು ಕೊಟ್ಟು ಕೊಂಡವರ ಪಕ್ಕ ನಿಂತಂತೆ ಅನ್ನಿಸುತ್ತಿತ್ತು. ಮೊರಿಶಿತಾ ಎದ್ದು, ನೋವು ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡಲಾರೆ, ಆದರೆ ಬದುಕು ನೋವಿಗಿಂತ ದೊಡ್ಡದಾಗುತ್ತ ಹೋಗಬಹುದು ಎಂದರು. ಪ್ರಾಮಾಣಿಕ ಮಾತು. ಇಷ್ಟು ಪ್ರಾಮಾಣಿಕವಾಗಿ ಹೇಳುವವರಿಗೆ ನಾನು ಸುಳ್ಳು ಯಾಕೆ ಕೊಟ್ಟೆ? ಇವರು ಅದನ್ನು ಕೇಳಿರಲೇ ಇಲ್ಲ. ಆದರೆ ಮುಖ ಅರಳಿಸಿದ್ದರಲ್ಲ. ಆ ಅರಳಿದ ಮುಖ ಕೇಳಿತ್ತು.

"ಮೊದಲಿಗೆ ಹಂಸಾ-ಸಾನ್ ಕೂತು ತೋರಿಸುತ್ತಾರೆ. ಎಂದಿನಂತೆ."

ನಡುವೆ ಚಾಪೆ ಹಾಸಿತ್ತು. ಹೋಗಿ ಕೂತಳು. ಒಂದು ಪಾದ ತೊಡೆಯ ಮೇಲೆ, ಇನ್ನೊಂದು ಪಾದ. ಒಳಗೆ ಯಾವುದೋ ಹಗ್ಗಕ್ಕೆ ಗಂಟು ಬಿಗಿದಂತಾಯಿತು. ಮಧುಕರ್ ಫೋನ್ ಎತ್ತಿ ಫೋಟೋ ತೆಗೆಯಬಹುದೇ ಎಂದು ಪಕ್ಕದವರನ್ನು ಕಣ್ಣಲ್ಲೇ ಕೇಳಿ, ಇಲ್ಲವೆಂದು ತಿಳಿದು ಇಳಿಸಿದ. ಉಸಿರು ಒಳಗೆ. ಎದುರಿಗೆ ಓಕಾಬೆ ಗಟ್ಟಿ ಕುರ್ಚಿಯ ಮೇಲೆ ದಿಂಬಿಲ್ಲದೆ ಕೂತು, ಹಂಸಾಳನ್ನೇ ನೋಡುತ್ತ, ಅವಳಂತೆಯೇ ಬೆನ್ನು ನೆಟ್ಟಗೆ ಮಾಡಲು ಹೋಗಿ ತುಟಿ ಕಚ್ಚಿದಳು. ತುಟಿ ಬೆಳ್ಳಗಾಯಿತು. ಹಂಸಾಳ ಉಸಿರು ಹೊರಗೆ ಬರಲಿಲ್ಲ.

ಹಂಸಾ ಕಾಲು ಬಿಡಿಸಿದಳು. ಕೈಯೂರಿ, ಮಗ್ಗುಲಾಗಿ, ಚೆಂದವಿಲ್ಲದೆ ಎದ್ದು ನಿಂತಳು.

"ಇತಾಯ್ ದೆಸು," ಎಂದಳು. ನೋಯುತ್ತಿದೆ.

"ಕಾಲು ಜೋಮು ಹಿಡಿಯಿತೇ?" ಮೊರಿಶಿತಾ ಮುಂದೆ ಬಂದರು.

"ಕಾಲಲ್ಲ. ಮೊದಲಿದ್ದಲ್ಲೇ. ಮೊದಲಿದ್ದಷ್ಟೇ." ಜಪಾನೀಸಿನಲ್ಲಿ ಮಾತುಗಳು ಒಂದೊಂದೇ ಬಂದವು, ಮೆಟ್ಟಿಲಿಳಿಯುವ ಮುದುಕರಂತೆ. "ಕಡಿಮೆ ಆಗಲಿಲ್ಲ. ಯಾವತ್ತೂ ಆಗಲಿಲ್ಲ. ನಾನು ಗುಂಡಿಯನ್ನು ಸುಮ್ಮನೆ ಸರಿಸಿದೆ. ನಿಮಗೆ ಸಂತೋಷವಾಗಲಿ ಎಂದು. ಓಕಾಬೆ-ಸಾನ್ ಇಟ್ಟದ್ದು ನಿಜ. ನಾನು ಇಟ್ಟದ್ದು ಸುಳ್ಳು."

ಮೊದಲು ಎದ್ದದ್ದು ಓಕಾಬೆ. ಅವಳ ಮುಖ ನೋಡಿ ಹಂಸಾ, ಹುಚ್ಚಿಯಂತೆ, ಅವಳು ಬಂದು ಕೈ ಹಿಡಿಯುತ್ತಾಳೆಂದು ಒಂದು ಗಳಿಗೆ ನಂಬಿದಳು.

"ನಾನು ನಿಮ್ಮನ್ನು ನೋಡಿ ಮಾಡಿದೆ," ಓಕಾಬೆ ಹೇಳಿದಳು. ಅಂಚೆ ಕೌಂಟರಿನ ವಿನಯ ಅವಳ ದನಿಯಿಂದ ಪೂರ್ತಿ ಹೋಗಿತ್ತು. "ಪ್ರತಿ ಬೆಳಿಗ್ಗೆ ನಿಮ್ಮನ್ನು ನೆನೆಸಿಕೊಂಡು ನೆಲದ ಮೇಲೆ ಕೂತೆ. ನೋವು ಹೆಚ್ಚಾದರೂ ಕೂತೆ. ನನ್ನದೇ ತಪ್ಪು ಎಂದು ಗಂಡನ ಎದುರು ಒಪ್ಪಿಕೊಂಡೆ. ನೀವು ಎಂಥವರು?"

ಗೊಮೆನ್ನಾಸಾಯ್ ಎಂಬ ಕ್ಷಮೆಯ ಮಾತು ನಾಲಗೆಯ ತುದಿಗೆ ಬಂದಿತ್ತು. ಹೇಳಿದರೆ ಓಕಾಬೆ ಇಲ್ಲ, ಪರವಾಗಿಲ್ಲ ಎನ್ನಬೇಕಾಗುತ್ತದೆ, ಅವಳನ್ನೂ ಹಾಗೆಯೇ ಬೆಳೆಸಿರುತ್ತಾರೆ. ಹಂಸಾ ಹೇಳಲಿಲ್ಲ. ಆ ಸಿಟ್ಟು ಹಾಗೇ ನಿಲ್ಲಲಿ ಎಂದು ಬಿಟ್ಟಳು. ಮೊರಿಶಿತಾ ಮುಖ ಬಾಡಿತ್ತು. ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಆ ಮುಖವನ್ನು ಮತ್ತೆ ಅರಳಿಸಲು ಏನಾದರೂ ಹೇಳು, ಉಸಿರಿನಿಂದ ನಿದ್ದೆ ಬಂತು ಅನ್ನು, ಏನಾದರೂ ಅನ್ನು ಎಂದು ಮೈಯೆಲ್ಲ ಒತ್ತಾಯಿಸುತ್ತಿತ್ತು. ಅದನ್ನೂ ಹೇಳಲಿಲ್ಲ.

"ಏನೇ ಇದು?" ಮಧುಕರ್ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ. "ಕಮ್ಮಿ ಆಗಿದೆ ಅಂದಿದ್ಯಲ್ಲ ನನ್ ಹತ್ರ."

"ಅಂದಿದ್ದೆ."

"ಮತ್ತೆ..." ಅವನು ಸುತ್ತ ನೋಡಿದ. ಯಾರಿಗೂ ಅರ್ಥವಾಗದ ಭಾಷೆ ಎಂಬುದು ನೆನಪಾದರೂ ದನಿ ಇನ್ನೂ ತಗ್ಗಿತು. "ಮೊನ್ನೆ?"

"ಮೊನ್ನೆನೂ ನೋಯ್ತಿತ್ತು ಮಧು. ಅದರ ಹಿಂದಿನ ಸಲನೂ."

"ನಾನು ಕೇಳಿದ್ನಲ್ಲೇ. ಪ್ರತೀ ಸಲ ಕೇಳಿದೀನಿ ನಾನು!"

"ಕೇಳಿದೀಯ. ಇಲ್ಲ ಅನ್ಲಿ ಅಂತ ಕೇಳಿದೀಯ."

ಅವನ ಕುತ್ತಿಗೆಯ ನರ ಎದ್ದು ನಿಂತಿತು. ಸಿಟ್ಟೋ ಅಳುವೋ ತಿಳಿಯಲಿಲ್ಲ. ಮೊರಿಶಿತಾ ಅವನತ್ತ ತಿರುಗಿ, ದಯವಿಟ್ಟು, ಹಂಸಾ-ಸಾನ್ ಏನು ಹೇಳಿದರು ಎಂದು ಕೇಳಿದರು. ಮಧುಕರ್ ಗಂಟಲು ಸರಿಮಾಡಿಕೊಂಡ. ಕ್ಲೈಂಟಿನೆದುರು ನಿಲ್ಲುವಂತೆ ಬೆನ್ನು ನೆಟ್ಟಗಾಯಿತು. ಹೆಂಡತಿಗೆ ಇನ್ನೂ ಸ್ವಲ್ಪ ನೋವಿದೆಯಂತೆ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು ಎಂದು, ಹಂಸಾಳಿಗೆ ಎಂದೂ ಬಾರದಷ್ಟು ನಯವಾದ ಜಪಾನೀಸಿನಲ್ಲಿ ಹೇಳಿ ತಲೆಬಾಗಿದ.

"ಸ್ವಲ್ಪ ಅಲ್ಲ," ಎಂದಳು ಹಂಸಾ, ಜಪಾನೀಸಿನಲ್ಲಿ. "ಇವರು ಹೇಳಿದ್ದು ತಪ್ಪು. ನಾನೇ ಹೇಳುತ್ತೇನೆ."

"ಹಂಸಾ, ಪ್ಲೀಸ್. ಎಲ್ಲರೂ ನೋಡ್ತಿದಾರೆ. ಕೂತ್ಕೊಂಡು ಹೇಳು."

"ಕೂರಲ್ಲ."

ಓಕಾಬೆ ಬಾಗಿಲವರೆಗೆ ಹೋದವಳು ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು, ಹೋಗುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಹೊಸಬರಲ್ಲೊಬ್ಬಳು ತೊಡೆಯ ಮೇಲಿನ ಚೀಲವನ್ನು ನೆಲಕ್ಕಿಳಿಸಿದಳು. ಹಂಸಾ ಶುರು ಮಾಡಿದಳು. ಎಲ್ಲಿ ಹುಟ್ಟುತ್ತದೆ, ಯಾವ ಕಡೆ ಹರಿಯುತ್ತದೆ, ಕೂತರೆ ಏನು, ಮಲಗಿದರೆ ಏನು, ಗಂಡ ಮುಟ್ಟಿದರೆ ಏನು. ವ್ಯಾಕರಣ ತಪ್ಪುತ್ತಿತ್ತು. ಗೊತ್ತಿಲ್ಲದ ಪದಗಳ ಜಾಗದಲ್ಲಿ ಪ್ಯಾಂಟಿನ ಮೇಲೆಯೇ ಕೈಯಿಟ್ಟು ತೋರಿಸಿದಳು. ಮಧುಕರ್ ನೆಲ ನೋಡುತ್ತಿದ್ದ. ಮೊರಿಶಿತಾ ನಿಂತಲ್ಲೇ ನಿಂತು ಕೇಳುತ್ತಿದ್ದರು, ಮುಖ ಅರಳಿಸದೆ. ಹೇಳಿದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಕಡಿಮೆಯಾಯಿತೆಂದು ಅವಳು ಹೇಳಲೂ ಇಲ್ಲ.